ಕಣ್ಣಿಗೆ ಕಟ್ಟುವ ಮಾತು: ಮಾನ್ಯಖೇಟದ ನೆರೆಯಲ್ಲಿ ಬೆಳೆದ ಜೈನ ಕಾವ್ಯದ ವರ್ಣನೆ

ಆಳಂದದ ಕಡೆಯಿಂದ ಬರುವ ಅಮರ್ಜಾ ನದಿ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಹೊಲಗಳ ನಡುವೆ ಹಾದು, ಮುಂದೆ ಕಾಗಿಣಾ ನದಿಯನ್ನು ತನ್ನೊಳಗೆ ತೆಗೆದುಕೊಳ್ಳುತ್ತದೆ. ಆ ಕಾಗಿಣೆಯ ದಂಡೆಯಲ್ಲಿ, ಇಂದಿನ ಸೇಡಂ ತಾಲ್ಲೂಕಿನಲ್ಲಿ, ಮಳಖೇಡ ಇದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ ಅದರ ಹೆಸರು ಮಾನ್ಯಖೇಟ. ಕನ್ನಡದಲ್ಲಿ ಇಂದು ದೊರೆಯುವ ಅತ್ಯಂತ ಹಳೆಯ ಗ್ರಂಥವಾದ ಕವಿರಾಜಮಾರ್ಗ ರೂಪುಗೊಂಡದ್ದು ಆ ಅರಮನೆಯ ಆಶ್ರಯದಲ್ಲಿ. ಜೈನ ಸಾಹಿತ್ಯವೆಂದರೆ ಶ್ರವಣಬೆಳಗೊಳ, ಮೂಡುಬಿದಿರೆಗಳನ್ನೇ ನೆನೆಯುವ ರೂಢಿ ನಮ್ಮ ಸಮಾಜದಲ್ಲಿದೆ. ಆದರೆ ಕೇಳುಗರ ಮನಸ್ಸನ್ನು ಅಲುಗಿಸುವಂತೆ ಮಾತನ್ನು ಹೇಗೆ ಕಟ್ಟಬೇಕು ಎಂದು ಕನ್ನಡದಲ್ಲಿ ಮೊದಲು ಬರೆದಿಟ್ಟ ನೆಲ ಕಲಬುರಗಿ ಜಿಲ್ಲೆಯದು.

ಜೈನ ಆಗಮ ಪರಂಪರೆ ಶಾಸ್ತ್ರವನ್ನು ನಾಲ್ಕು ಅನುಯೋಗಗಳಾಗಿ ವಿಂಗಡಿಸುತ್ತದೆ: ಪ್ರಥಮಾನುಯೋಗ, ಕರಣಾನುಯೋಗ, ಚರಣಾನುಯೋಗ, ದ್ರವ್ಯಾನುಯೋಗ. ಇವುಗಳಲ್ಲಿ ಮೊದಲನೆಯದು ತೀರ್ಥಂಕರರ, ಚಕ್ರವರ್ತಿಗಳ, ಮಹಾಪುರುಷರ ಕಥೆಗಳದು. ಕಥೆಯನ್ನು ಮೊದಲಿಗಿಟ್ಟಿರುವುದರಲ್ಲಿ ಒಂದು ಅನುಭವದ ತಿಳಿವಳಿಕೆ ಇದೆ. ಸಂಸಾರ ಅನಿತ್ಯ ಎಂಬ ಮಾತನ್ನು ಎಲ್ಲರೂ ಕೇಳಿದ್ದಾರೆ, ಎಲ್ಲರೂ ತಲೆದೂಗುತ್ತಾರೆ, ಮನೆಗೆ ಹೋಗಿ ಮರೆಯುತ್ತಾರೆ. ಕುಣಿಯುತ್ತಿದ್ದವಳು ಕಣ್ಣೆದುರೇ ಇಲ್ಲವಾದದ್ದನ್ನು ಕೇಳಿದವರು ಮಾತ್ರ ಅದನ್ನು ಸುಲಭಕ್ಕೆ ಮರೆಯುವುದಿಲ್ಲ.

ಕುದಿಯುವ ಹಾಲು, ಮಜ್ಜಿಗೆಯ ಹನಿ

ಅಮೋಘವರ್ಷ ನೃಪತುಂಗ ಆಳಿದ್ದು ಕ್ರಿ.ಶ. 814ರಿಂದ 878ರವರೆಗೆ. ಕವಿರಾಜಮಾರ್ಗದ ಕಾಲ ಸುಮಾರು 850. ನೃಪತುಂಗನ ಸಮ್ಮತಿಯಿಂದ ಶ್ರೀವಿಜಯ ಎಂಬ ಕವಿ ಇದನ್ನು ರಚಿಸಿದನೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಗ್ರಂಥದಲ್ಲಿ ಮೂರು ಪರಿಚ್ಛೇದಗಳಿವೆ. ಮೊದಲನೆಯದರಲ್ಲಿ ಕಾವ್ಯದ ದೋಷಗಳ ವಿಚಾರ, ಎರಡನೆಯದರಲ್ಲಿ ಶಬ್ದಾಲಂಕಾರ, ಮೂರನೆಯದರಲ್ಲಿ ಅರ್ಥಾಲಂಕಾರ. ಸಂಸ್ಕೃತದ ದಂಡಿಯ ಕಾವ್ಯಾದರ್ಶವನ್ನು ಇದು ಬಹಳ ಮಟ್ಟಿಗೆ ಅನುಸರಿಸುತ್ತದೆ. ಆದರೆ ಅನುವಾದವಲ್ಲ. ಕನ್ನಡಕ್ಕೆ ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಎಂಬುದನ್ನು ಕಿವಿಗೊಟ್ಟು ಕೇಳಿ ತೀರ್ಮಾನಿಸಿದ ಪುಸ್ತಕ.

ಅಲಂಕಾರದ ಬಗ್ಗೆ ಪಾಠ ಹೇಳುವ ಈ ಗ್ರಂಥ ತನ್ನ ಪಾಠವನ್ನೂ ಚಿತ್ರದ ಮೂಲಕವೇ ಹೇಳುತ್ತದೆ. ಕನ್ನಡ ಮತ್ತು ಸಂಸ್ಕೃತ ಪದಗಳನ್ನು ವಿವೇಚನೆಯಿಲ್ಲದೆ ಒಂದೇ ಸಮಾಸದಲ್ಲಿ ಕೂಡಿಸಿದರೆ ರಸ ಕೆಡುತ್ತದೆ ಎಂಬುದು ಅದರ ನಿಯಮ. ಅದಕ್ಕೆ ಕೊಟ್ಟ ಹೋಲಿಕೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದದ್ದು. ಒಲೆಯ ಮುಂದೆ ಕೂತ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷ ಕಳೆದರೂ ಹಾಲು ಒಡೆಯುವ ರೀತಿ ಬದಲಾಗಿಲ್ಲ, ಹೋಲಿಕೆಯೂ ಹಳತಾಗಿಲ್ಲ.

ಕನ್ನಡ ನಾಡಿನ ಒಳನುಡಿಗಳು ಎಷ್ಟು ಬಗೆಯವೆಂದರೆ ಅವುಗಳ ದೋಷಗಳನ್ನು ಎಣಿಸಹೊರಟ ಸಾವಿರ ನಾಲಗೆಯ ವಾಸುಕಿಯೂ ಬೇಸತ್ತು ಕೈಬಿಡುತ್ತಾನೆ ಎಂದೂ ಕವಿರಾಜಮಾರ್ಗ ಹೇಳುತ್ತದೆ. ಗಡಿಯ ಮರಾಠಿಯನ್ನೂ ದಖನಿಯನ್ನೂ ಒಳಗೆ ಬಿಟ್ಟುಕೊಂಡ ಆಳಂದದ ಮಾತು ಒಂದು ರೀತಿ, ಜೇವರ್ಗಿಯ ಮಾತು ಇನ್ನೊಂದು ರೀತಿ. ಪುಸ್ತಕದ ಕನ್ನಡ ಬಾರದೆಂದು ಹಿಂಜರಿಯುವ ಈ ಭಾಗದ ಮನೆಗಳಿಗೆ ಆ ಮಾತು ನೆನಪಿರಲಿ. ಓದುಬರಹದ ಹಂಗಿಲ್ಲದೆಯೂ ಕಾವ್ಯದ ಮರ್ಮ ತಿಳಿದವರು ಕನ್ನಡಿಗರು ಎಂದು ಮೆಚ್ಚಿ ಬರೆದವನೂ ಅದೇ ಗ್ರಂಥಕಾರ.

ಆ ಕಾಲದ ಮಾನ್ಯಖೇಟದಲ್ಲಿ ಚಿತ್ರವತ್ತಾದ ಮಾತು ಕವಿಗಳ ಸೊತ್ತು ಮಾತ್ರವಾಗಿರಲಿಲ್ಲ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಯ ಲೆಕ್ಕಗಳು ಕಡಿದು ಚೆಲ್ಲಿದ ಮುತ್ತಿನ ಹಾರದ, ಆನೆಗಳ ಹಿಂಡಿನ ರೂಪದಲ್ಲಿ ಬರುತ್ತವೆ. ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ಪಾರ್ಶ್ವಾಭ್ಯುದಯದಲ್ಲಿ ಕಾಳಿದಾಸನ ಮೇಘದೂತದ ಸಾಲುಗಳನ್ನು ಒಂದೊಂದಾಗಿ ತಮ್ಮ ಪದ್ಯಗಳೊಳಗೆ ನೇಯ್ದು, ವಿರಹದ ಮಾತುಗಳನ್ನು ಪಾರ್ಶ್ವನಾಥ ಸ್ವಾಮಿಗೆ ಒದಗಿದ ಉಪಸರ್ಗದ ಕಥೆಗೆ ತಿರುಗಿಸಿದರು. ಅವೇ ಪದಗಳು, ಆದರೆ ಕೇಳುಗನ ಮನಸ್ಸು ಹೋಗುವ ದಿಕ್ಕು ಬೇರೆ.

ನೀಲಾಂಜನೆಯ ನೃತ್ಯ

ಜಿನಸೇನರು ಸಂಸ್ಕೃತದಲ್ಲಿ ಆರಂಭಿಸಿದ ಮಹಾಪುರಾಣವನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಪೂರ್ಣಗೊಳಿಸಿದರು. ಅದರ ಮೊದಲ ಭಾಗದ ಕಥೆಯನ್ನು ಆಧರಿಸಿ ಪಂಪನು 941ರಲ್ಲಿ ಕನ್ನಡ ಆದಿಪುರಾಣವನ್ನು ಬರೆದನು. ಪಂಪನ ಆಶ್ರಯದಾತ ವೇಮುಲವಾಡದ ಅರಿಕೇಸರಿ, ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತ.

ವೃಷಭಸ್ವಾಮಿ ರಾಜ್ಯವಾಳುತ್ತಿದ್ದಾರೆ. ವೈರಾಗ್ಯದ ಕಾಲ ಒದಗಿದೆ ಎಂದು ತಿಳಿದ ಇಂದ್ರ, ಆಯುಷ್ಯ ಮುಗಿಯಲಿರುವ ದೇವನರ್ತಕಿ ನೀಲಾಂಜನೆಯನ್ನು ಸಭೆಯಲ್ಲಿ ಕುಣಿಯಲು ಕಳಿಸುತ್ತಾನೆ. ಕುಣಿಯುತ್ತಿದ್ದಂತೆಯೇ ಆಕೆ ಮಿಂಚು ಆರಿದ ಹಾಗೆ ಇಲ್ಲವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಅದೇ ಕ್ಷಣದಲ್ಲಿ ಅವಳಂಥದೇ ಇನ್ನೊಂದು ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ತಾಳ ತಪ್ಪುವುದಿಲ್ಲ. ಸಭೆಗೆ ಏನೂ ಗೊತ್ತಾಗುವುದಿಲ್ಲ. ಸ್ವಾಮಿಗೆ ಮಾತ್ರ ಕಾಣುತ್ತದೆ.

ಇದನ್ನು ಪ್ರವಚನಗಳಲ್ಲಿ ಹೇಳುವಾಗ ಬಹಳ ಸಲ ಎರಡು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ: ನರ್ತಕಿ ಸತ್ತಳು, ಭಗವಂತರಿಗೆ ವೈರಾಗ್ಯ ಬಂತು. ಕಥೆಯ ಸಾರ ಅಷ್ಟೇ ನಿಜ, ಆದರೆ ಪಂಪ ಅಷ್ಟಕ್ಕೆ ಬರೆಯಲಿಲ್ಲ. ಅವನು ನೃತ್ಯವನ್ನು ವಿಸ್ತಾರವಾಗಿ, ಮನಸಾರೆ ವರ್ಣಿಸುತ್ತಾನೆ. ಶೃಂಗಾರ ಇಷ್ಟೇಕೆ, ಧರ್ಮಗ್ರಂಥದಲ್ಲಿ ಇದು ಬೇಕೆ ಎಂದು ಸಂಕೋಚಪಡುವ ಓದುಗರೂ ಉಂಟು. ಆ ವಿಸ್ತಾರವೇ ಇಲ್ಲಿ ಕೆಲಸ ಮಾಡುತ್ತಿರುವುದು. ಓದುಗ ಆ ಕುಣಿತದಲ್ಲಿ ನಿಜವಾಗಿ ಮೈಮರೆತಿದ್ದರೆ ಮಾತ್ರ ಅದು ತಟ್ಟನೆ ಇಲ್ಲವಾದಾಗ ಅವನಿಗೆ ನಷ್ಟವಾಗುತ್ತದೆ. ಪಂಪ ಓದುಗನನ್ನು ಮೊದಲು ಆ ಸಭೆಯಲ್ಲಿ, ಏನೂ ಕಾಣದವರ ಸಾಲಿನಲ್ಲಿ ಕೂರಿಸುತ್ತಾನೆ. ಆಮೇಲೆ ಸ್ವಾಮಿಯ ಕಣ್ಣನ್ನು ಕೊಡುತ್ತಾನೆ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದಾದ ಅನಿತ್ಯ ಭಾವನೆ ಇಲ್ಲಿ ಮಾತಾಗಿ ಅಲ್ಲ, ಅನುಭವವಾಗಿ ಬರುತ್ತದೆ.

ಈ ಪ್ರಸಂಗ ಶಿಲ್ಪಿಗಳನ್ನೂ ಸೆಳೆದಿತ್ತು. ಮಥುರೆಯಲ್ಲಿ ದೊರೆತು ಈಗ ಲಖನೌ ಸಂಗ್ರಹಾಲಯದಲ್ಲಿರುವ, ಪಂಪನಿಗಿಂತ ಬಹಳ ಹಿಂದಿನ ಕಲ್ಲಿನ ಫಲಕವೊಂದನ್ನು ವಿದ್ವಾಂಸರು ನೀಲಾಂಜನೆಯ ನೃತ್ಯವೆಂದು ಗುರುತಿಸಿದ್ದಾರೆ.

ಸಾಸಿವೆ ಕಾಳು ಚುಚ್ಚಿದ ಮೈ

ಕನ್ನಡ ಗದ್ಯದಲ್ಲಿ ವಿವರ ಹೇಗೆ ಕರುಳು ಹಿಂಡುತ್ತದೆ ಎಂಬುದಕ್ಕೆ ವಡ್ಡಾರಾಧನೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹತ್ತನೆಯ ಶತಮಾನದ ಈ ಕೃತಿ ಶಿವಕೋಟ್ಯಾಚಾರ್ಯರ ಹೆಸರಿನಲ್ಲಿದೆ. ಇದರಲ್ಲಿ 19 ಕಥೆಗಳಿವೆ. ಉಪಸರ್ಗ, ಪರೀಷಹಗಳನ್ನು ಸಹಿಸಿ ಸಮಾಧಿಯನ್ನು ಸಾಧಿಸಿದ ಮಹಾಪುರುಷರ ಕಥೆಗಳು ಅವು. ಡಿ.ಎಲ್. ನರಸಿಂಹಾಚಾರ್ಯರು ಸಂಪಾದಿಸಿದ ಆವೃತ್ತಿ 1949ರಲ್ಲಿ ಬಂದಮೇಲೆ ಇದು ನಾಡಿನ ಓದುಗರಿಗೆಲ್ಲ ಪರಿಚಿತವಾಯಿತು.

ಅದರ ಮೊದಲ ಕಥೆ ಸುಕುಮಾರಸ್ವಾಮಿಯದು. ಉಜ್ಜಯಿನಿಯ ಸಿರಿವಂತ ಮನೆಯ ಮಗ. ಮುನಿಗಳನ್ನು ಕಂಡರೆ ಇವನು ಸಂಸಾರ ಬಿಡುತ್ತಾನೆ ಎಂಬ ಭವಿಷ್ಯದ ಮಾತಿಗೆ ಹೆದರಿದ ತಾಯಿ ಯಶೋಭದ್ರೆ ಅವನನ್ನು ಹೊರಗಿನ ಗಾಳಿ ಸೋಕದಂತೆ ಬೆಳೆಸುತ್ತಾಳೆ. ಅವನ ಮೈ ಎಷ್ಟು ಮೃದು ಎಂದು ಹೇಳಲು ಕಥೆಗಾರರು "ಅತಿ ಸುಕುಮಾರ" ಎಂಬ ವಿಶೇಷಣವನ್ನು ನಂಬಿ ಕೂರುವುದಿಲ್ಲ. ಅರಸ ಮನೆಗೆ ಬರುತ್ತಾನೆ. ಅರಸನೂ ಇವನೂ ಒಟ್ಟಿಗೆ ಕೂತಿದ್ದಾರೆ. ಇವನು ಕೂತಲ್ಲಿ ಕೂರಲಾರದೆ ಮಿಸುಕುತ್ತಾನೆ. ಏಕೆಂದರೆ ಮಂಗಳಕ್ಕೆಂದು ಚೆಲ್ಲಿದ ಬಿಳಿ ಸಾಸಿವೆಯ ಕಾಳು ಆಸನದ ಮೇಲೆ ಬಿದ್ದು ಚುಚ್ಚುತ್ತಿವೆ. ದೀಪದ ಬೆಳಕಿಗೆ ಅವನ ಕಣ್ಣಲ್ಲಿ ನೀರು ಬರುತ್ತದೆ. ಅವನು ಅದುವರೆಗೆ ಕಂಡದ್ದು ರತ್ನದ ಬೆಳಕನ್ನು ಮಾತ್ರ. ಊಟಕ್ಕೆ ಕೂತರೆ ಅನ್ನದ ಕೆಲವು ಅಗುಳನ್ನು ಉಗುಳುತ್ತಾನೆ, ತಾವರೆಯಲ್ಲಿ ಇಟ್ಟು ಪರಿಮಳಗೊಳಿಸಿದ ಅಕ್ಕಿಯೊಂದಿಗೆ ಬೇರೆ ಅಕ್ಕಿ ಬೆರೆತದ್ದು ನಾಲಗೆಗೆ ತಿಳಿಯುತ್ತದೆ. ಅರಸ ಇದನ್ನೆಲ್ಲ ಕಾಯಿಲೆಯೆಂದು ತಿಳಿದು ವಿಚಾರಿಸುತ್ತಾನೆ. ಕೇಳುಗರಿಗೆ ಈ ಹಂತದಲ್ಲಿ ನಗು ಬಂದರೆ ತಪ್ಪಿಲ್ಲ, ಬರಬೇಕೆಂದೇ ಬರೆದಂತಿದೆ.

ಮುಂದೆ ಮುನಿಗಳ ಪಾಠದ ದನಿ ಅವನ ಕಿವಿಗೆ ಬೀಳುತ್ತದೆ. ಹಿಂದಿನ ಭವಗಳು ನೆನಪಾಗುತ್ತವೆ. ಉಳಿದ ಆಯುಷ್ಯ ಮೂರೇ ದಿನ. ಬಟ್ಟೆಗಳನ್ನು ಹಗ್ಗವಾಗಿ ಕಟ್ಟಿ ಉಪ್ಪರಿಗೆಯಿಂದ ಇಳಿದು, ದೀಕ್ಷೆ ಪಡೆದು, ಕಾಡಿನ ಕಡೆಗೆ ನಡೆಯುತ್ತಾನೆ. ನೆಲವನ್ನೇ ಮುಟ್ಟದ ಪಾದ ಒಡೆದು ದಾರಿಯುದ್ದಕ್ಕೂ ರಕ್ತ ತೊಟ್ಟಿಕ್ಕುತ್ತದೆ. ಆ ರಕ್ತವನ್ನು ನೆಕ್ಕುತ್ತ ಹೆಣ್ಣುನರಿಯೊಂದು ಮರಿಗಳ ಜೊತೆ ಅವನಿದ್ದಲ್ಲಿಗೆ ಬಂದು, ಧ್ಯಾನದಲ್ಲಿರುವ ಅವನನ್ನು ಕಾಲಿನಿಂದ ಮೊದಲುಗೊಂಡು ಮೂರು ರಾತ್ರಿ ತಿನ್ನುತ್ತದೆ. ಅವನು ಅಲುಗುವುದಿಲ್ಲ.

ಸಾಸಿವೆ ಕಾಳು ಯಾಕೆ ಬೇಕಿತ್ತು ಎಂಬುದು ಇಲ್ಲಿ ತಿಳಿಯುತ್ತದೆ. ನರಿ ಕಚ್ಚಿದ ನೋವನ್ನು ಯಾವ ಶಬ್ದದಿಂದಲೂ ಅಳೆಯಲಾಗದು. ಸಾಸಿವೆಯ ಕಾಳನ್ನು ಸಹಿಸದ ಮೈ ಇದು ಎಂದು ಮೊದಲೇ ನೋಡಿದವರಿಗೆ ಅಳತೆ ತಾನಾಗಿ ಸಿಗುತ್ತದೆ. ಲೇಖಕರು ನೋವಿನ ಜಾಗದಲ್ಲಿ ಗೋಳಾಡುವುದಿಲ್ಲ, ಬಹಳ ಹಿಂದೆಯೇ ಒಂದು ಕಾಳನ್ನು ಇಟ್ಟು ಬಂದಿರುತ್ತಾರೆ. ದೇಹ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನವನ್ನು ಎಳೆಯರಿಗೆ ತಿಳಿಸಲು ಈ ಕಥೆಗಿಂತ ಬಲವಾದ ಸಾಧನ ಸಿಗುವುದು ಕಷ್ಟ. ಆದರೆ "ಸುಕುಮಾರರು ಘೋರ ಉಪಸರ್ಗವನ್ನು ಸಹಿಸಿದರು" ಎಂಬ ಒಂದು ಸಾಲಿಗೆ ಇಳಿಸಿದ ಮಕ್ಕಳ ಪುಸ್ತಕಗಳಲ್ಲಿ ಕಾಳೂ ಇಲ್ಲ, ದೀಪವೂ ಇಲ್ಲ, ಅನ್ನದ ಅಗುಳೂ ಇಲ್ಲ. ಮಗು ಅದನ್ನು ಓದಿ ಪರೀಕ್ಷೆಯಲ್ಲಿ ಉತ್ತರ ಬರೆಯಬಹುದು. ಅದಕ್ಕಿಂತ "ಸಾಸಿವಿ ಕಾಳ ಚುಚ್ಚತಿತ್ತಂತ ನೋಡವ್ವಾ ಅಂವಗ" ಎಂದು ಅಜ್ಜಿ ಅಡುಗೆಮನೆಯಲ್ಲಿ ಆರಂಭಿಸಿದ ಕಥೆ ವಡ್ಡಾರಾಧನೆಗೆ ಹತ್ತಿರ.

ಹಿಟ್ಟಿನ ಕೋಳಿ ಕೂಗಿತು

ಯಶೋಧರನ ಕಥೆಯನ್ನು ಜೈನ ಕವಿಗಳು ಹಲವು ಭಾಷೆಗಳಲ್ಲಿ ಮತ್ತೆ ಮತ್ತೆ ಬರೆದಿದ್ದಾರೆ. ಸೋಮದೇವ ಸೂರಿಗಳ ಸಂಸ್ಕೃತ ಯಶಸ್ತಿಲಕ 959ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ ಮುಗಿಯಿತು. ಮಾನ್ಯಖೇಟದಲ್ಲೇ ನೆಲೆಸಿದ್ದ ಮಹಾಕವಿ ಪುಷ್ಪದಂತ ಅಪಭ್ರಂಶದಲ್ಲಿ ಜಸಹರಚರಿಉ ಬರೆದನು. ಕನ್ನಡದಲ್ಲಿ ಜನ್ನನ ಯಶೋಧರ ಚರಿತೆ 1209ರದು.

ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡೆಂದು ಮಗನನ್ನು ಒತ್ತಾಯಿಸುತ್ತಾಳೆ. ಜೀವವಧೆಗೆ ಒಪ್ಪದ ಯಶೋಧರ ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಜನ್ನನಲ್ಲಿ ಆ ಕೋಳಿಯ ರೂಪ ಎಷ್ಟು ಚೆಂದವೆಂದರೆ ಬೆಂತರವೊಂದು ಅದರೊಳಗೆ ಬಂದು ಸೇರುತ್ತದೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ.

ಸಂಕಲ್ಪಹಿಂಸೆ ಎಂಬ ಕಠಿಣ ವಿಚಾರವನ್ನು, ಅಂದರೆ ಮನಸ್ಸಿನಲ್ಲಿ ಕೊಲ್ಲುವ ಎಣಿಕೆ ಮೂಡಿದರೆ ಅದೂ ಹಿಂಸೆಯೇ ಎಂಬುದನ್ನು, ಆ ಒಂದು ಕೂಗು ಹೇಳಿ ಮುಗಿಸುತ್ತದೆ. ವಾದ ಮಾಡುವವನಿಗೆ ಎದುರುವಾದ ಇದ್ದೇ ಇರುತ್ತದೆ: ಹಿಟ್ಟಿಗೆ ಜೀವವೆಲ್ಲಿ, ಪಾಪವೆಲ್ಲಿ? ಕೂಗಿಗೆ ಎದುರುವಾದವಿಲ್ಲ. ತಾಯಿ ಮಗ ಇಬ್ಬರೂ ಪ್ರಾಣಿಪಕ್ಷಿಗಳಾಗಿ ಹುಟ್ಟಿ ಸತ್ತು ಅಲೆಯುವ ಮುಂದಿನ ಭವಾವಳಿ ಆ ದನಿಯ ಬೆನ್ನು ಹಿಡಿದೇ ಸಾಗುತ್ತದೆ.

ಕಲ್ಲಿನ ಮೇಲಿನ ಮಾತು

ಆಳಂದ, ಅಫಜಲಪುರಗಳಿಗೆ ನೆರೆಯ ಸೊಲ್ಲಾಪುರ ಜೈನ ಗ್ರಂಥ ಪ್ರಕಟಣೆಯ ದೊಡ್ಡ ಕೇಂದ್ರ. ಪಿ.ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮ ಹಾಗೂ ಜೈನ ಶಾಸನಗಳ ಕುರಿತು ಬರೆದ ಇಂಗ್ಲಿಷ್ ಗ್ರಂಥವನ್ನು ಅಲ್ಲಿನ ಜೈನ ಸಂಸ್ಕೃತಿ ಸಂರಕ್ಷಕ ಸಂಘ 1957ರಲ್ಲಿ ಹೊರತಂದಿತು. ಮಳಖೇಡ, ಸೇಡಂ, ಅಡಕಿ ಮೊದಲಾದ ಊರುಗಳ ಕನ್ನಡ ಶಾಸನಗಳು ಅದರಲ್ಲಿವೆ.

ಶಾಸನವೆಂದರೆ ಹೆಚ್ಚಾಗಿ ದಾನಪತ್ರ, ಇಂದಿನ ಲೆಕ್ಕದಲ್ಲಿ ಒಂದು ನೋಂದಣಿ ದಾಖಲೆ. ಆದರೂ ಅದರ ಕೊನೆಗೆ ಬಂದಾಗ ಮಾತಿನ ಧಾಟಿ ಬದಲಾಗುತ್ತದೆ. ಈ ದತ್ತಿಯನ್ನು ಕಾಪಾಡಿದವರಿಗೆ ಕುರುಕ್ಷೇತ್ರ, ವಾರಣಾಸಿಗಳಲ್ಲಿ ಕೋಡಿಗೂ ಗೊರಸಿಗೂ ಚಿನ್ನ ಕಟ್ಟಿಸಿದ ಕವಿಲೆಗಳನ್ನು ದಾನ ಮಾಡಿದ ಫಲ, ಕೆಡಿಸಿದವರಿಗೆ ಅಂಥ ಕವಿಲೆಗಳನ್ನು ಕೊಂದ ಪಾಪ. ಈ ಬಗೆಯ ಶಾಪಾಶಯ ಕನ್ನಡದ ದಾನಶಾಸನಗಳಲ್ಲಿ ಎಲ್ಲೆಡೆ ಕಾಣುತ್ತದೆ, ಬಸದಿಗಳ ಶಾಸನಗಳಲ್ಲೂ ಇದೆ. ಅಕ್ಷರ ಬಾರದವರಿಗಾಗಿ ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು. ಬರೆಸಿದವರಿಗೆ ಮುಂದಿನ ಅರಸನ ಮೇಲಾಗಲಿ, ಅಧಿಕಾರಿಯ ಮೇಲಾಗಲಿ ಯಾವ ಹಿಡಿತವೂ ಇರಲಿಲ್ಲ. ಓದುವವನ ಮನಸ್ಸಿನಲ್ಲಿ ಒಂದು ಚಿತ್ರ ನಿಲ್ಲಿಸುವುದಷ್ಟೇ ಅವರ ಕೈಲಿದ್ದದ್ದು.

ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಇದೇ ಆಸೆಯನ್ನು ಪಂಪ ಆದಿಪುರಾಣದಲ್ಲಿ ಬೇರೆ ಕಡೆಯಿಂದ ನೋಡುತ್ತಾನೆ. ದಿಗ್ವಿಜಯ ಮುಗಿಸಿದ ಭರತ ಚಕ್ರವರ್ತಿ ತನ್ನ ಕೀರ್ತಿಯನ್ನು ಬರೆಸಲು ವೃಷಭಾದ್ರಿಗೆ ಹೋಗುತ್ತಾನೆ. ಅಲ್ಲಿ ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳು, ಒಂದು ಹೆಸರಿಗೂ ಎಡೆಯಿಲ್ಲ. ಕೊನೆಗೆ ಯಾರದೋ ಒಂದು ಪ್ರಶಸ್ತಿಯನ್ನು ಅಳಿಸಿ ಆ ಜಾಗದಲ್ಲಿ ತನ್ನದನ್ನು ಬರೆಸುತ್ತಾನೆ. ಮಾನಕಷಾಯದ ಬಗ್ಗೆ ಕವಿ ಪಾಠ ಹೇಳುವ ಅಗತ್ಯವೇ ಬೀಳುವುದಿಲ್ಲ. ಅಳಿಸಿದ ಜಾಗದಲ್ಲಿ ಬರೆದದ್ದನ್ನು ಮುಂದೆ ಇನ್ನೊಬ್ಬ ಅಳಿಸುತ್ತಾನೆ ಎಂದು ಓದುಗನೇ ಲೆಕ್ಕ ಹಾಕುತ್ತಾನೆ. ಮಾನ್ಯಖೇಟವೇ 972ರಲ್ಲಿ ಪರಮಾರರ ಸೀಯಕನ ಕೈಯಲ್ಲಿ ಸೂರೆಯಾಯಿತು. ಪುಷ್ಪದಂತನ ಹೆಸರಿನಲ್ಲಿ ಆ ಸೂರೆಯ ದುಃಖ ಹೇಳುವ ಪದ್ಯವೂ ಉಳಿದುಬಂದಿದೆ.

ಹೊಲ ಮನೆಯ ಹೋಲಿಕೆಗಳು

ಧರ್ಮಾಮೃತವನ್ನು ಸುಮಾರು 1112ರಲ್ಲಿ ಬರೆದ ಮುಳುಗುಂದದ ನಯಸೇನ, ಸಂಸ್ಕೃತವನ್ನು ಬಲವಂತವಾಗಿ ಕನ್ನಡದಲ್ಲಿ ತುರುಕುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರಿಗೆ ಹೋಲಿಸಿದನು. ಅವನ ಹದಿನಾಲ್ಕು ಕಥೆಗಳಲ್ಲಿ ಉಪಮೆಗಳು ಒಂದರ ಹಿಂದೊಂದು ಸಾಲುಗಟ್ಟಿ ಬರುತ್ತವೆ. ಅವೆಲ್ಲ ಹಳ್ಳಿಯ ಬದುಕಿನಿಂದ, ಗಾದೆಗಳಿಂದ ಎತ್ತಿಕೊಂಡವು. ಕೆಲವೊಮ್ಮೆ ಅತಿಯಾಯಿತು ಎನಿಸುವುದೂ ಉಂಟು. ಹತ್ತು ಹೋಲಿಕೆ ಕೇಳಿದಮೇಲೆ ಮೊದಲನೆಯದು ಮರೆತಿರುತ್ತದೆ. ವಡ್ಡಾರಾಧನೆಯ ಒಂದೇ ಕಾಳಿನ ಬಲ ಆ ಸಾಲಿಗೆ ಇಲ್ಲ. ಆದರೆ ಶ್ರಾವಕರ ಮನೆಮಾತಿನಲ್ಲಿ ಸಮ್ಯಕ್ತ್ವ, ಅಣುವ್ರತಗಳ ವಿಷಯ ಹೇಳಬಹುದೆಂಬುದನ್ನು ಅವನಷ್ಟು ಧೈರ್ಯದಿಂದ ತೋರಿಸಿದವರು ಕಡಿಮೆ. ನಾಲ್ಕು ಶತಮಾನದ ಮೇಲೆ ಮೂಡುಬಿದಿರೆಯ ರತ್ನಾಕರವರ್ಣಿ ಭರತೇಶ ವೈಭವವನ್ನು ಹಾಡಲು ಬರುವ ಸಾಂಗತ್ಯದಲ್ಲಿ ಬರೆದದ್ದೂ ಇದೇ ದಾರಿಯ ಮುಂದುವರಿಕೆ.

ಮನೆಯಲ್ಲಿ ಓದುವಾಗ

ಗಡಿ ಭಾಗದ ಮನೆಗಳಲ್ಲಿ ಸ್ವಾಧ್ಯಾಯಕ್ಕೆ ಹಿಂದಿ, ಮರಾಠಿ ಪುಸ್ತಕಗಳು ಸುಲಭವಾಗಿ ಕೈಗೆ ಸಿಗುತ್ತವೆ. ಅವುಗಳಿಂದ ತತ್ತ್ವ ತಿಳಿಯುತ್ತದೆ, ಕೊರತೆಯಿಲ್ಲ. ಹಳಗನ್ನಡ ಕಾವ್ಯವನ್ನು ಮೂಲದಲ್ಲಿ ಓದುವುದು ಇಂದು ಪದವಿ ಓದಿದವರಿಗೂ ಕಷ್ಟ ಎಂಬುದನ್ನು ಒಪ್ಪಬೇಕು. ವಡ್ಡಾರಾಧನೆ, ಆದಿಪುರಾಣ, ಯಶೋಧರ ಚರಿತೆ ಮೂರಕ್ಕೂ ಹೊಸಗನ್ನಡ ರೂಪಗಳು ಬಂದಿವೆ. ಅವುಗಳನ್ನು ಆರಿಸುವಾಗ ನೋಡಬೇಕಾದದ್ದು ಒಂದೇ: ವಿವರಗಳು ಉಳಿದಿವೆಯೇ? ಸುಕುಮಾರಸ್ವಾಮಿಯ ಕಥೆಯಲ್ಲಿ ಸಾಸಿವೆ, ದೀಪ, ಅಗುಳು ಮೂರೂ ಇರುವ ಪುಸ್ತಕವನ್ನು ತೆಗೆದುಕೊಳ್ಳಬಹುದು. ಅವನ್ನು ಬಿಟ್ಟು ಕೊನೆಯಲ್ಲಿ ನೀತಿ ಸೇರಿಸಿದ ಪುಸ್ತಕವನ್ನು ಅಲ್ಲೇ ಇಟ್ಟು ಬರಬಹುದು.

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ದಿನಕ್ಕೊಂದು ಧರ್ಮದ ವಿವೇಚನೆ ನಡೆಯುತ್ತದೆ. ಉತ್ತಮ ಮಾರ್ದವದ ದಿನ ವೃಷಭಾದ್ರಿಯ ಪ್ರಸಂಗ ಹೊಂದುತ್ತದೆ, ಉತ್ತಮ ತಪದ ದಿನ ಸುಕುಮಾರಸ್ವಾಮಿಯ ಕಥೆ. ಓದುವವರು ಹಳಗನ್ನಡದ ಉಚ್ಚಾರಕ್ಕೆ ಹೆದರದೆ, ಊರಿನ ಮಾತಿನಲ್ಲೇ ಹೇಳಿದರೂ ಆದೀತು. ಚಿಕ್ಕ ಮಕ್ಕಳಿದ್ದರೆ ನರಿಯ ಭಾಗವನ್ನು ಬೇಗ ದಾಟಿಸಿ, ಸಾಸಿವೆಯ ಭಾಗವನ್ನು ನಿಧಾನವಾಗಿ ಹೇಳುವುದು ಒಳ್ಳೆಯದು. ಒಗ್ಗರಣೆ ಡಬ್ಬಿಯಿಂದ ಒಂದು ಕಾಳು ತೆಗೆದು ಮಗುವಿನ ಅಂಗೈ ಮೇಲಿಟ್ಟು ಆರಂಭಿಸಿದರೆ ಕಥೆ ತಾನೇ ಮುಂದೆ ಸಾಗುತ್ತದೆ.